ಇಪ್ಪತ್ತಮೂರನೇ ನಂಬರಿನ ಗುಂಡಿ ಡಬ್ಬಿ

೧

ಮೊದಲ ವಾಕ್ಯದಲ್ಲಿ ಏನಿರಬಾರದು ಎಂದು ಪ್ರತಿ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹನ್ನೊಂದು ಮಂದಿ ಎಳೆಯ ಡಾಕ್ಟರುಗಳಿಗೆ ಪಾಠ ಹೇಳುವುದು ನನ್ನ ಕೆಲಸ. "ಜಗತ್ತಿನಾದ್ಯಂತ ಕೋಟ್ಯಂತರ ಜನ ಈ ಕಾಯಿಲೆಯಿಂದ ಬಳಲುತ್ತಿದ್ದಾರೆ ಅಂತ ಮಾತ್ರ ಶುರು ಮಾಡಬೇಡಿ" ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಮಂಗಳವಾರ ಹನ್ನೊಂದು ಪ್ರಬಂಧಗಳೂ ಜಗತ್ತಿನಾದ್ಯಂತದ ಆ ಕೋಟ್ಯಂತರ ಜನರನ್ನೇ ಕರೆದುಕೊಂಡು ಬರುತ್ತವೆ.

ಈಗ ನನ್ನ ಸರದಿ. ಕಥೆ ಬರೆಯಲು ಕೂತೆ. ಬರೆದ ಮೊದಲ ವಾಕ್ಯ: "ಜಗತ್ತಿನಾದ್ಯಂತ ಕೋಟ್ಯಂತರ ಜನ ರಕ್ತದೊತ್ತಡದಿಂದ ಬಳಲುತ್ತಿದ್ದಾರೆ."

ಹೊಡೆದುಹಾಕಿದೆ.

ಎರಡನೇ ಪ್ರಯತ್ನ: "ಆಕೆ ಗುಂಡಿ ಡಬ್ಬಿಯ ಮುಚ್ಚಳ ತೆಗೆದು ಹಾಸಿದ ಬಟ್ಟೆಯ ಮೇಲೆ ಸುರಿದಾಗ ಡಾಕ್ಟರ ಬಾಯಿ ಒಣಗಿತು." ಪರವಾಗಿಲ್ಲ, ಓದುಗರು ಕೂರುತ್ತಾರೆ. ಆದರೆ ಇದು ಕಥೆಯ ನಡುವಿನದು. ಈಗಲೇ ಸುರಿದುಬಿಟ್ಟರೆ ಆಮೇಲೆ ನಾನೇನು ಸುರಿಯಲಿ? ಮುಚ್ಚಳ ವಾಪಸ್ಸು ಹಾಕಿದೆ.

ಮೂರನೇ ಪ್ರಯತ್ನವೇ ಇದು. ನೀವು ಆಗಲೇ ಅರ್ಧ ಪುಟ ಓದಿಯಾಗಿದೆ. ಇನ್ನು ಶುರು ಮಾಡುವ ಗೋಜು ಉಳಿದಿಲ್ಲ.

೨

ನನ್ನ ಪರಿಚಯ ಚಿಕ್ಕದು. ಇಪ್ಪತ್ತು ವರ್ಷದ ಹಿಂದೆ ಒಂದು ಕಥಾಸಂಕಲನ ತಂದೆ. ಅದರ ಮುನ್ನೂರು ಪ್ರತಿಗಳಲ್ಲಿ ಇನ್ನೂರ ಎಪ್ಪತ್ತು ನಮ್ಮ ಅಕ್ಕನ ಮನೆಯ ಅಟ್ಟದಲ್ಲಿ ಕ್ಷೇಮವಾಗಿವೆ. ಆಮೇಲೆ ಭಾಷಾಂತರ ಮಾಡಿಕೊಂಡಿದ್ದೆ. ಒಂದು ದಿನ ದೊಡ್ಡಾಸ್ಪತ್ರೆಯ ಜಾಹೀರಾತು ಕಂಡಿತು: ಕ್ಲಿನಿಕಲ್ ಮತ್ತು ಟ್ರಾನ್ಸ್‌ಲೇಷನಲ್ ರಿಸರ್ಚ್ ತರಬೇತಿ ಘಟಕಕ್ಕೆ ಬರವಣಿಗೆ ಕಲಿಸುವವರು ಬೇಕಾಗಿದ್ದಾರೆ. ಟ್ರಾನ್ಸ್‌ಲೇಷನ್ ಅಂದರೆ ನಮ್ಮ ಕಸುಬೇ ಅಲ್ಲವೇ ಎಂದು ಅರ್ಜಿ ಹಾಕಿದೆ.

ಸಂದರ್ಶನದಲ್ಲಿ ಕೇಳಿದರು: "ಟ್ರಾನ್ಸ್‌ಲೇಷನಲ್ ರಿಸರ್ಚಲ್ಲಿ ನಿಮ್ಮ ಅನುಭವ?"

"ಹದಿನೆಂಟು ವರ್ಷ. ಎರಡು ಭಾಷೆಯಿಂದ" ಎಂದೆ.

ಯಾರೂ ನಗಲಿಲ್ಲ. ಕೆಲಸ ಕೊಟ್ಟರು. ಪ್ರಯೋಗಾಲಯದಲ್ಲಿ ತಿಳಿದದ್ದನ್ನು ರೋಗಿಯ ಮಂಚದವರೆಗೆ ತಂದು ಮುಟ್ಟಿಸುವುದಕ್ಕೆ ಆ ಹೆಸರು ಎಂದು ನನಗೆ ಗೊತ್ತಾದದ್ದು ಸೇರಿದ ಮೂರನೇ ವಾರ.

ನಮ್ಮ ಘಟಕ ಎಂದರೆ ಎರಡನೇ ಮಹಡಿಯಲ್ಲಿ ಒಂದು ಕೋಣೆ. ಹನ್ನೆರಡು ಕುರ್ಚಿ, ಒಂದು ಬಿಳಿ ಹಲಗೆ, ಎಂದೋ ಒಣಗಿಹೋದ ನಾಲ್ಕು ಮಾರ್ಕರ್. ಬಾಗಿಲ ಹೊರಗೆ ಮುರಿದ ವೀಲ್‌ಚೇರುಗಳ ಸಾಲು. ಅವುಗಳಿಗೆ ಜಾಗ ಸಾಲದು, ಈ ಕೋಣೆಯ ಮೇಲೆ ಕಣ್ಣು. ಡೀನ್ ಆಗಲೇ ಹೇಳಿದ್ದರು: "ಈ ಸಲದ ಸಂಶೋಧನಾ ದಿನಕ್ಕೆ ನಿಮ್ಮಿಂದ ಒಂದಾದ್ರೂ ಗಟ್ಟಿ ಫಲಿತಾಂಶ ಬರಲಿ. ಇಲ್ಲ ಅಂದ್ರೆ ಕೋಣೆ ಖಾಲಿ ಮಾಡಿ."

ಕೋಣೆಯಲ್ಲಿ ನನ್ನ ಜೊತೆ ಪಾಠ ಹೇಳುವವರು ಅಂಕಿ ಮೇಷ್ಟ್ರು. ಸಂಖ್ಯಾಶಾಸ್ತ್ರದವರು. ನಿವೃತ್ತಿಗೆ ಎರಡು ವರ್ಷ. ನನ್ನ ಪಾಠದ ಹೊತ್ತಿನಲ್ಲಿ ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ನಿದ್ದೆಯೋ ಧ್ಯಾನವೋ ಎಂದು ಯಾರೂ ಕೇಳಿಲ್ಲ.

೩

ಗಾಬರಿ. ಇದು ನನ್ನ ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ ವಾರ್ಡಿನ ನರ್ಸುಗಳು ಇಟ್ಟ ಹೆಸರು. ಇಪ್ಪತ್ತೇಳು ವರ್ಷ, ಡಾಕ್ಟರಿಕೆ ಮುಗಿಸಿ ಮೇಲಿನ ಓದಿಗೆ ಸೇರಿ ಎರಡನೇ ವರ್ಷ. ಲಿಫ್ಟನ್ನು ಕರೆದು, ಅದು ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ ಹೋಗಿಬಿಟ್ಟಿರುವ ಆಸಾಮಿ.

(ಈ ಪ್ಯಾರಾ ಓದಿದ ಗಾಬರಿ ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಗಾಬರಿ ಆಗೋದು ನಿಜ. ಆದ್ರೆ ರೋಗಿ ಮುಂದೆ ಯಾವತ್ತೂ ಆಗಿಲ್ಲ. ಅದನ್ನೂ ಹಾಕಿ" ಎಂದ. ಹಾಕಿದ್ದೇನೆ. ಅದು ಸತ್ಯ ಕೂಡ. ರೋಗಿಯ ಕೈ ಹಿಡಿದನೆಂದರೆ ಅವನ ಧ್ವನಿ ಬೇರೆಯೇ ಆಗುತ್ತದೆ. ಬೆಚ್ಚಗೆ, ನಿಧಾನವಾಗಿ. ಆ ಧ್ವನಿಯೇ ಮುಂದೆ ಎಡವಟ್ಟು ಮಾಡುತ್ತದೆ.)

ಮೇಲಿನ ಓದು ಮುಗಿಯಬೇಕಾದರೆ ಪ್ರತಿಯೊಬ್ಬರೂ ಒಂದು ಅಧ್ಯಯನ ಮಾಡಿ ಥೀಸಿಸ್ ಬರೆಯಲೇಬೇಕು. ಗಾಬರಿಯ ಪ್ರಶ್ನೆ ಸರಳವಾಗಿತ್ತು. ಬಿಪಿ ಇರುವವರು ಮಾತ್ರೆಯನ್ನು ಅರ್ಧಕ್ಕೆ ಬಿಡುತ್ತಾರೆ. ವಾರಕ್ಕೊಮ್ಮೆ ಡಾಕ್ಟರೇ ಫೋನ್ ಮಾಡಿ ವಿಚಾರಿಸಿದರೆ ಬಿಡದೆ ತೆಗೆದುಕೊಳ್ಳುತ್ತಾರೆಯೇ?

ಎಂಬತ್ತು ರೋಗಿಗಳು. ಅಂಕಿ ಮೇಷ್ಟ್ರ ಲಕೋಟೆಗಳಿಂದ ಚೀಟಿ ಎತ್ತಿ ಎರಡು ಪಾಲು ಮಾಡಿದ್ದಾಯಿತು. ನಲವತ್ತು ಜನಕ್ಕೆ ಪ್ರತಿ ಗುರುವಾರ ಫೋನು, ಉಳಿದ ನಲವತ್ತಕ್ಕೆ ಇಲ್ಲ. ಎಲ್ಲರಿಗೂ ಒಂದೊಂದು ಡಬ್ಬಿ, ಡಬ್ಬಿಯಲ್ಲಿ ನೂರು ಮಾತ್ರೆ, ದಿನಕ್ಕೊಂದು. ತೊಂಬತ್ತು ದಿನದ ಮೇಲೆ ಡಬ್ಬಿ ವಾಪಸ್ ತರಬೇಕು. ಎಷ್ಟು ಮಿಕ್ಕಿದೆ ಎಂದು ಎಣಿಸುವುದು.

ಗುರುವಾರ ಮಧ್ಯಾಹ್ನ ನಮ್ಮ ಕೋಣೆಯ ಮೂಲೆಯಲ್ಲಿ ಕೂತು ಗಾಬರಿ ಫೋನ್ ಮಾಡುತ್ತಿದ್ದ. "ಅಮ್ಮಾ, ಮಾತ್ರೆ ತಗೊಂಡ್ರಾ? ಏಳೂ ದಿನ? ವೆರಿ ಗುಡ್ ಅಮ್ಮಾ!" ತಪ್ಪಿಸಿದೆ ಅಂದರೆ, "ಅಯ್ಯೋ... ಹೌದಾ ಅಮ್ಮಾ..." ಆ 'ಅಯ್ಯೋ' ಕೇಳಿದರೆ ಬಿಪಿ ಇಲ್ಲದ ನನಗೇ ಮಾತ್ರೆ ನುಂಗೋಣ ಅನ್ನಿಸುತ್ತಿತ್ತು.

(ನಾಲ್ಕನೇ ಭಾಗ ಇಲ್ಲ. ಅದರಲ್ಲಿ ಗಾಬರಿಗೂ ಮಕ್ಕಳ ವಾರ್ಡಿನ ಡಾಕ್ಟರಿಗೂ ಪ್ರೇಮ ಹುಟ್ಟಿಸಿದ್ದೆ. ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಬಂದು ಬೇಡ ಎಂದರು. ಬೇರೆಬೇರೆಯಾಗಿ ಬಂದದ್ದರಿಂದ ನಾನು ಇನ್ನೂ ಪೂರ್ತಿ ಆಸೆ ಬಿಟ್ಟಿಲ್ಲ.)

೫

ಫಲಿತಾಂಶ ಬಂತು. ಬಂತೆಂದರೆ ಬ್ಯಾಂಡ್ ಬಾರಿಸಿಕೊಂಡೇ ಬಂತು. ಫೋನ್ ಹೋದವರ ಡಬ್ಬಿಗಳು ಬಹುಪಾಲು ಖಾಲಿ. ಫೋನ್ ಇಲ್ಲದವರ ಡಬ್ಬಿಗಳಲ್ಲಿ ಮೂವತ್ತು, ನಲವತ್ತು ಮಾತ್ರೆ ಮಿಕ್ಕಿತ್ತು. ಇಷ್ಟೊಂದು ವ್ಯತ್ಯಾಸ ಬರೀ ಅದೃಷ್ಟದಿಂದ ಆಗಿರಬಹುದೇ ಎಂಬುದಕ್ಕೆ ಅವರದೊಂದು ಅಳತೆ ಇದೆ, ಪಿ-ವ್ಯಾಲ್ಯೂ ಅಂತ. ಚಿಕ್ಕದಾದಷ್ಟೂ ಸಂತೋಷ. ಗಾಬರಿಯದು ಎಷ್ಟು ಚಿಕ್ಕದಿತ್ತೆಂದರೆ ಅವನ ಗೈಡ್ ಸರ್ ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ಎದುರು ಸಿಕ್ಕವರಿಗೆಲ್ಲ ತೋರಿಸಿದರು.

ಗೈಡ್ ಸರ್ ಎಂದರೆ ಮೆಡಿಸಿನ್ ವಿಭಾಗದ ದೊಡ್ಡ ಡಾಕ್ಟರು. ಒಳ್ಳೆಯ ಮನುಷ್ಯ. ಅವಸರದವರು.

ಆ ಮಂಗಳವಾರ ಗಾಬರಿ ತನ್ನ 'ಫಲಿತಾಂಶ' ಅಧ್ಯಾಯವನ್ನು ನಮ್ಮ ತರಗತಿಯಲ್ಲಿ ನಿಂತು ಓದಿದ. "...ಹದಿನಾಲ್ಕು ರೋಗಿಗಳು ನೂರಕ್ಕೆ ನೂರು ಮಾತ್ರೆಗಳನ್ನೂ ಸೇವಿಸಿದ್ದು ಕಂಡುಬಂತು."

ನನಗೆ ವೈದ್ಯ ಗೊತ್ತಿಲ್ಲ. ಗಣಿತವಂತೂ ದೇವರಿಗೇ ಪ್ರೀತಿ. ವಾಕ್ಯ ಉದ್ದವಾಯಿತು ಎಂದು ಹೇಳಲು ಬಾಯಿ ತೆಗೆದವಳು ಬೇರೆಯೇ ಕೇಳಿಬಿಟ್ಟೆ.

"ಅಲ್ಲಪ್ಪಾ, ತೊಂಬತ್ತು ದಿನಕ್ಕೆ ನೂರು ಮಾತ್ರೆ ಹೇಗೆ ತಿಂದ್ರು?"

ಹಿಂದಿನ ಕುರ್ಚಿಯಲ್ಲಿ ಅಂಕಿ ಮೇಷ್ಟ್ರು ಒಂದು ಕಣ್ಣು ತೆರೆದರು.

"ಹತ್ತು ಮಿಕ್ಕಬೇಕಿತ್ತು" ಎಂದರು. "ಬಿಪಿ ನೋಡಿದೀಯೇನಪ್ಪಾ ಅವರದ್ದು?"

"ನೋಡಿದೀನಿ ಸರ್. ಕೊನೇ ಪಟ್ಟಿಯಲ್ಲಿದೆ."

"ಇಳಿದಿದೆಯಾ?"

ಗಾಬರಿ ಹಾಳೆ ತಿರುವಿದ. ಮತ್ತೆ ಹಿಂದಕ್ಕೆ ತಿರುವಿದ. ಫೋನ್ ಹೋದವರಲ್ಲೂ ಹೋಗದವರಲ್ಲೂ ಬಿಪಿ ಹೆಚ್ಚುಕಡಿಮೆ ಒಂದೇ. ಅದರಲ್ಲೂ ಇಪ್ಪತ್ತಮೂರನೇ ನಂಬರಿನವರು: ಡಬ್ಬಿ ಪೂರ್ತಿ ಖಾಲಿ, ಬಿಪಿ ನೂರ ಎಪ್ಪತ್ತೆಂಟು. ಮೂರು ತಿಂಗಳ ಹಿಂದೆ ಎಷ್ಟಿತ್ತೋ ಅದಕ್ಕಿಂತ ಆರು ಜಾಸ್ತಿ.

ಅವನ ಮುಖದಲ್ಲಿ ಮೊದಲು ಥೀಸಿಸ್ ಬರೆಯುವವನ ಗಾಬರಿ ಬಂತು. ಅದು ಇಳಿದ ಮೇಲೆ ಡಾಕ್ಟರ ಗಾಬರಿ ಬಂತು. ಎರಡನೆಯದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಇಷ್ಟು ಬಿಪಿ ಇಟ್ಕೊಂಡು ಅವರು ಮನೇಲಿ ಕೂತಿದಾರೆ" ಎಂದ. "ನಾನು ಡಬ್ಬಿ ನೋಡಿ ಖುಷಿಪಟ್ಕೊಂಡು ಕಳಿಸಿಬಿಟ್ಟೆ."

೬

ಶನಿವಾರ ಮಧ್ಯಾಹ್ನ ಗಾಬರಿ ಅವರ ಮನೆಗೆ ಹೋದ. ಬನ್ನಿ ಎಂದು ಬೇಡಿಕೊಂಡದ್ದರಿಂದ ನಾನೂ ಹೋದೆ. (ಮೊದಲ ಕರಡಿನಲ್ಲಿ ಅವನೊಬ್ಬನೇ ಹೋಗುತ್ತಾನೆ, ಹೆಚ್ಚು ಧೀರನಾಗಿ ಕಾಣಲಿ ಎಂದು. "ಬಾಗಿಲು ತಟ್ಟಿದ್ದೇ ನೀವು ಮೇಡಂ, ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ" ಎಂದು ನೆನಪಿಸಿದ.)

ಇಪ್ಪತ್ತಮೂರನೇ ನಂಬರು ಎಂದರೆ ಅರವತ್ತೆಂಟರ ಟೈಲರಮ್ಮ. ಮೂರು ಮೆಟ್ಟಿಲ ಮೇಲಿನ ಮನೆ, ಬೀದಿಗೆ ತೆರೆದ ಕಿಟಕಿ, ಕಿಟಕಿಯ ಬಳಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಶಾಲೆಯ ಸಮವಸ್ತ್ರಗಳು. ಬಾಗಿಲು ತೆಗೆದವಳು ಮಗಳು. ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಕೈತುಂಬ ಹಿಟ್ಟಿತ್ತು.

"ಅಮ್ಮಾ, ನಿನ್ನ ಗುರುವಾರ ಬಂದಿದಾರೆ ನೋಡು!" ಎಂದು ಒಳಗೆ ಕೂಗಿದಳು. ನಮ್ಮ ಕಡೆ ತಿರುಗಿ, "ಫೋನ್ ಬರೋ ದಿನ ತಲೆ ಬಾಚ್ಕೊಂಡು ಕೂತ್ಕೋತಾಳೆ ಡಾಕ್ಟ್ರೇ. ಫೋನಲ್ಲಿ ತಲೆ ಕಾಣತ್ತಾ?" ಎಂದಳು.

ಟೈಲರಮ್ಮ ಎದ್ದು ನಿಂತರು. ಗಾಬರಿಯನ್ನು ತಲೆಯಿಂದ ಕಾಲವರೆಗೆ ಅಳತೆ ತೆಗೆದುಕೊಂಡರು. ಕಸುಬಿನ ಕಣ್ಣು, ನೇರವಾಗಿ ಕೋಟಿನ ಮೇಲೆ ನಿಂತಿತು.

"ಇದೇನಪ್ಪಾ, ಮಧ್ಯದ ಗುಂಡೀನೇ ಇಲ್ವಲ್ಲ! ಇಷ್ಟು ದೊಡ್ಡಾಸ್ಪತ್ರೆ ಡಾಕ್ಟ್ರು. ಬಿಚ್ಚು ಕೋಟು."

"ಅಮ್ಮಾ, ನಾನು ಬಂದಿದ್ದು ಬಿಪಿ..."

"ಬಿಚ್ಚು ಅಂದೆ."

(ಜಾಣ ಕಥೆಗಾರ್ತಿಯಾಗಿದ್ದರೆ ಈ ಗುಂಡಿಯನ್ನು ಮೊದಲ ಪುಟದಲ್ಲೇ ಉದುರಿಸಿರುತ್ತಿದ್ದೆ. ಆದರೆ ಗುಂಡಿ ಇಲ್ಲದ್ದು ನನ್ನ ಕಣ್ಣಿಗೂ ಬಿದ್ದದ್ದು ಆಗಲೇ. ಬಿದ್ದಾಗ ಬರೆದಿದ್ದೇನೆ.)

ಅವರು ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಹಾಸಿದ ಬಟ್ಟೆಯ ಮೇಲೆ ಸುರಿದರು. ಬಿಳಿ ಗುಂಡಿಗಳ ರಾಶಿ. ಬೆರಳಾಡಿಸುತ್ತ ಹುಡುಕತೊಡಗಿದವರು ಥಟ್ಟನೆ ನಿಂತರು. ಗಾಬರಿಯೂ ಬಗ್ಗಿದ. ರಾಶಿಯಲ್ಲಿ ತೂತಿಲ್ಲದ ಗುಂಡಿಗಳಿದ್ದವು. ಚಿಕ್ಕವು, ಬಿಳಿಯವು, ನಡುವೆ ಒಂದು ಗೀರು.

ಬಾಯಿ ಒಣಗಿತು. (ಮುಂಚೆಯೇ ಹೇಳಿದ್ದೆ.)

"ಅಮ್ಮಾ, ಇದು ನಾನು ಕೊಟ್ಟ ಮಾತ್ರೆ ಅಲ್ವಾ?"

ಗಾಬರಿ ಗುಂಡಿಯಿಂದ ಮಾತ್ರೆಯನ್ನು ಬೇರೆ ಮಾಡಿ, ಸಾಲಾಗಿ ಜೋಡಿಸಿ ಎಣಿಸಿದ. ಅಂಥ ಹೊತ್ತಿನಲ್ಲೂ ಎಣಿಸಿದ ನೋಡಿ, ನಮ್ಮ ತರಬೇತಿ ವ್ಯರ್ಥವಾಗಿಲ್ಲ. ಎಂಬತ್ತೈದು.

"ಹದಿನೈದು ದಿನ ತಗೊಂಡೆ" ಎಂದರು ಟೈಲರಮ್ಮ ಕೊನೆಗೆ. "ಕಾಲು ಊದ್ಕೊಳ್ತು. ಪೆಡಲ್ ತುಳಿಯೋಕೆ ಆಗ್ಲಿಲ್ಲ. ಶಾಲೆ ಬಟ್ಟೆ ಒಪ್ಕೊಂಡಿದ್ದೆ, ಮಕ್ಕಳು ಬರಿಮೈಲಿ ಹೋಗ್ತಾರಾ? ಬಿಟ್ಟೆ. ಔಷಧಿ ಬಿಸಾಡೋಕೆ ಮನಸ್ಸು ಬರ್ಲಿಲ್ಲ, ಇಲ್ಲಿ ಹಾಕಿಟ್ಟೆ."

"ಫೋನಲ್ಲಿ ಪ್ರತಿ ವಾರ ತಗೊಂಡೆ ಅಂದ್ರಲ್ಲ!"

"ಒಂದು ಸಲ ಇಲ್ಲ ಅಂದೆನಲ್ಲಪ್ಪ, ಎರಡನೇ ವಾರ. ಎರಡು ದಿನ ತಪ್ಪಿಸಿದೆ ಅಂದೆ. ನೀನು 'ಅಯ್ಯೋ' ಅಂದೆ. ಹೊಸ ಬಟ್ಟೆಗೆ ನಾನೇ ತಪ್ಪಾಗಿ ಕತ್ತರಿ ಹಾಕಿದ ಹಾಗಾಯ್ತು ನನಗೆ. ಆಮೇಲಿಂದ ತಗೊಂಡೆ ಅಂದೆ. ನೀನು ವೆರಿ ಗುಡ್ ಅಂದೆ. ಇಬ್ಬರಿಗೂ ಹಿತವಾಗಿತ್ತು."

"ಅಷ್ಟಕ್ಕೇ ಸುಳ್ಳು ಹೇಳಿದ್ರಾ?"

"ಅಷ್ಟಕ್ಕೇ ಅಂದ್ರೆ? ನಿನ್ನ ಪರೀಕ್ಷೆ ಅಲ್ವಾ ಅದು? ನಾವು ಮಾತ್ರೆ ನುಂಗದೆ ಇದ್ರೆ ನೀನು ಫೇಲು. ಇಷ್ಟು ಒಳ್ಳೆ ಹುಡುಗ ಫೇಲ್ ಆಗಬಾರದು ಅಂತ ಆಸ್ಪತ್ರೆ ಬೆಂಚಲ್ಲಿ ಕೂತಾಗ ನಾವೆಲ್ಲ ಮಾತಾಡ್ಕೊಂಡ್ವಿ. ಡಬ್ಬಿ ಪೂರ್ತಿ ಖಾಲಿ ಮಾಡಿ ಕೊಡೋಣ ಅಂತ."

"ನಾವೆಲ್ಲ ಅಂದ್ರೆ ಯಾರ್ಯಾರಮ್ಮ?"

ಟೈಲರಮ್ಮ ಮಗಳ ಮುಖ ನೋಡಿದರು. ಮಗಳು ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಹೇಳಿಬಿಡಮ್ಮ. ಆ ಬಸ್ ಡ್ರೈವರ್ ತಾತ ಮಾತ್ರೆ ಕಾಗೆಗೆ ಹಾಕ್ದೆ ಅಂತ ನಗ್ತಿದ್ರಲ್ಲ, ಅದನ್ನೂ ಹೇಳು."

ಗಾಬರಿ ಕುಸಿದು ಕೂತ. ಕೂತದ್ದು ಸೂಜಿ ಚುಚ್ಚಿಟ್ಟ ದಿಂಬಿನ ಮೇಲೆ. ಮರುಕ್ಷಣ ಎದ್ದ.

೬ (ಮತ್ತೆ)

ಈ ಭಾಗವನ್ನು ಬಿಟ್ಟುಬಿಡುವವಳಿದ್ದೆ.

'ಇದು ನಿನ್ನ ಪರೀಕ್ಷೆ' ಎಂಬ ಮಾತು ಆ ಬೆಂಚಿಗೆ ಎಲ್ಲಿಂದ ಬಂತು? ಮೊದಲ ಕರಡಿನಲ್ಲಿ ನಾನು ಬರೆದದ್ದು: ಯಾರೋ ಬಾಯಿಬಡುಕ ಗುಮಾಸ್ತ ಹೇಳಿದ. ಗಾಬರಿ ಅದನ್ನು ಓದಿ ಎದ್ದುಹೋದ. ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟ. ರೋಗಿಗಳು ಸಹಿ ಹಾಕಿದ ಒಪ್ಪಿಗೆ ಪತ್ರ.

ಆ ಪತ್ರವನ್ನು ಸರಳಗನ್ನಡಕ್ಕೆ ತಂದವಳು ನಾನು. ಮೂಲದಲ್ಲಿ ಹೀಗಿತ್ತು: "ಸದರಿ ಅಧ್ಯಯನವು ಸ್ನಾತಕೋತ್ತರ ಪದವಿಯ ಭಾಗಶಃ ಪೂರೈಕೆಗಾಗಿ ಕೈಗೊಂಡಿದ್ದಾಗಿರುತ್ತದೆ." ಇದು ಯಾರಿಗೆ ಅರ್ಥವಾಗಬೇಕು? ನಾನು ತಿದ್ದಿದೆ: "ಇದು ನಿಮ್ಮ ಡಾಕ್ಟರ ಪರೀಕ್ಷೆಯ ಒಂದು ಭಾಗ. ನೀವು ಮಾತ್ರೆ ತಪ್ಪಿಸದೆ ಸಹಕರಿಸಿದರೆ ಅವರಿಗೆ ದೊಡ್ಡ ಉಪಕಾರ." ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿಯವರು ಎಷ್ಟು ಸರಳ, ಎಷ್ಟು ಆತ್ಮೀಯ ಎಂದು ಕೊಂಡಾಡಿದ್ದರು. ನಾನು ಆ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡಿದ್ದೆ ಕೂಡ.

ನನ್ನ ಮುನ್ನೂರು ಪ್ರತಿಗಳ ಕಥೆ ಓದಿ ಯಾರೂ ಬದಲಾಗಿರಲಿಲ್ಲ. ಆ ಎರಡು ವಾಕ್ಯ ಓದಿ ಒಂದಿಡೀ ಬೆಂಚು ಪಿತೂರಿ ಮಾಡಿತು.

"ಇದನ್ನ ಬರೀಲೇಬೇಕಾ?" ಎಂದೆ.

"ನನ್ನ ತಪ್ಪು ನಾನು ಎಲ್ಲರ ಮುಂದೆ ಹೇಳಬೇಕು ಅಂತಿದೀನಿ ಮೇಡಂ. ನಿಮ್ಮದನ್ನ ಒಂದು ಕಥೆಯಲ್ಲಿ ಹೇಳೋಕಾಗಲ್ವಾ?"

ಅಂಕಿ ಮೇಷ್ಟ್ರು ನನ್ನ ಪರ ಬಂದರು. ಅವರ ರೀತಿಯಲ್ಲಿ. "ಫೋನ್ ಹೋಗದ ನಲವತ್ತು ಜನಕ್ಕೂ ಇದೇ ಪತ್ರ ಕೊಟ್ಟಿತ್ತು. ಅವರು ಡಬ್ಬಿ ಖಾಲಿ ಮಾಡಲಿಲ್ಲ. ಅಂದ್ರೆ ಅರ್ಧ ತಪ್ಪು ನಿಮ್ಮದು, ಅರ್ಧ ಇವನ ಧ್ವನಿದು. ಸರಿಯಾಗಿ ಪಾಲು ಮಾಡೋಕೆ ಇನ್ನೊಂದು ಅಧ್ಯಯನ ಬೇಕು."

೭

ಸೋಮವಾರ ಟೈಲರಮ್ಮ ಆಸ್ಪತ್ರೆಗೆ ಬಂದರು. ಗಾಬರಿ ಕಾಲು ಊದಿಸದ ಬೇರೆ ಮಾತ್ರೆ ಬರೆದುಕೊಟ್ಟ. ಆಮೇಲೆ ನಲವತ್ತೂ ಜನಕ್ಕೆ ಮತ್ತೆ ಫೋನ್ ಮಾಡಿದ. ಈ ಸಲ 'ತಗೊಂಡ್ರಾ' ಎನ್ನಲಿಲ್ಲ. "ನಾನು ಫೇಲ್ ಆಗಲ್ಲ, ಬೈಯೋದೂ ಇಲ್ಲ. ಮಾತ್ರೆ ತಗೊಂಡ್ರೆ ಏನಾಗ್ತಿತ್ತು ಹೇಳಿ" ಎಂದ. ಮೂರು ದಿನ ಹಿಡಿಯಿತು. ಮುಂಚೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು ಈಗ ಕಾಲು ಗಂಟೆಗೂ ಮುಗಿಯುತ್ತಿರಲಿಲ್ಲ. ಹದಿನಾಲ್ಕು ಜನ ಡಬ್ಬಿ ಖಾಲಿ ಮಾಡಿದ್ದರು: ಬಚ್ಚಲಿಗೆ, ಕಸದ ಬುಟ್ಟಿಗೆ, ಒಬ್ಬರು ಕಾಗೆಗೆ. ಅವರಲ್ಲಿ ಒಂಬತ್ತು ಜನಕ್ಕೆ ಕಾಲು ಊದಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ.

ಅವರನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಾಗ ಫೋನಿಗೂ ಫೋನಿಲ್ಲದ್ದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಜೇಬಿನ ಚೀಟಿ ಸುಳ್ಳಾಯಿತು.

ಗೈಡ್ ಸರ್ ಕೋಣೆಗೆ ನಾವು ಮೂವರೂ ಹೋದೆವು. ಸಂಶೋಧನಾ ದಿನಕ್ಕೆ ಆರು ದಿನ ಉಳಿದಿತ್ತು.

"ನಿನಗೆ ಮನೆಗೆ ಹೋಗಿ ನೋಡು ಅಂತ ಹೇಳಿದ್ಯಾರಯ್ಯಾ?" ಎಂದರು ಸರ್. "ಡೀನ್‌ಗೆ ಮಾತು ಕೊಟ್ಟಾಗಿದೆ. ಒಂದು ಕೆಲಸ ಮಾಡು. ಆ ಹದಿನಾಲ್ಕು ಜನಾನ ತೆಗೆದುಬಿಡು. ಸಹಕರಿಸಲಿಲ್ಲ ಅಂತ ಹಾಕು."

"ಫಲಿತಾಂಶ ನೋಡಿದ ಮೇಲೆ ಬೇಡದವರನ್ನ ತೆಗೆಯೋದು ಸಂಖ್ಯಾಶಾಸ್ತ್ರ ಅಲ್ಲ ಸರ್" ಎಂದರು ಅಂಕಿ ಮೇಷ್ಟ್ರು. "ಕ್ಷೌರ."

"ಥೀಸಿಸ್ ತಿರಸ್ಕಾರ ಆದ್ರೆ ಇವನಿಗೆ ಆರು ತಿಂಗಳು ಹಾಳು. ನೀವು ಕೊಡ್ತೀರಾ ಆರು ತಿಂಗಳು?"

ಗಾಬರಿ ಕೈ ಹಿಂದೆ ಕಟ್ಟಿಕೊಂಡಿದ್ದ. ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು.

"ಸರ್, ಹದಿನಾಲ್ಕು ಜನಾನ ತೆಗೆದ್ರೆ ಒಂಬತ್ತು ಜನರ ಕಾಲೂ ಹೋಗತ್ತೆ" ಎಂದ. "ನಾಳೆ ನನ್ನ ಪೇಪರ್ ಓದಿ ಇನ್ನೊಬ್ಬ ಡಾಕ್ಟರು ಹೀಗೇ ಫೋನ್ ಮಾಡ್ತಾರೆ. ಅವರ ರೋಗಿಗಳೂ ಹೀಗೇ ತಗೊಂಡೆ ಅಂತಾರೆ. ಬಿಪಿ ಯಾರಿಗೂ ಗೊತ್ತಾಗಲ್ಲ. ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆರು ತಿಂಗಳು ಹೋದ್ರೆ ಹೋಗ್ಲಿ."

ಗೈಡ್ ಸರ್ ಎದುರಿನ ಗೋಡೆ ನೋಡಿದರು. ಅಲ್ಲಿ ಚೌಕಟ್ಟು ಹಾಕಿಸಿದ ಅವರದೇ ಥೀಸಿಸ್‌ನ ಪೋಸ್ಟರ್ ಇತ್ತು, ಇಪ್ಪತ್ತೆರಡು ವರ್ಷ ಹಳೆಯದು. ಮೊದಲ ಬಹುಮಾನ ಎಂಬ ಮುದ್ರೆ ಇನ್ನೂ ಮಾಸಿರಲಿಲ್ಲ.

"ಆಗ ನಾನೂ ಔಷಧಿಯ ಖಾಲಿ ಬಾಟಲಿ ಎಣಿಸಿದ್ದೇ ಕಣಯ್ಯಾ" ಎಂದರು ಮೆಲ್ಲಗೆ. ಮೇಜಿನ ಮೇಲಿನ ಹಾಳೆಗಳನ್ನು ಗಾಬರಿಯ ಕಡೆ ತಳ್ಳಿ, "ಎಲ್ಲಾ ಖಾಲಿ ಇದ್ವು."

೮

ಸಂಶೋಧನಾ ದಿನ. ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಡೀನ್, ಅವರ ಪಕ್ಕ ಹೊರಗಿನಿಂದ ಬಂದ ಪರೀಕ್ಷಕಿ. ಮಾತಿಗಿಂತ ಕನ್ನಡಕದಿಂದಲೇ ಹೆಚ್ಚು ಕೇಳುವವರು.

ಗಾಬರಿ ಹಳೆಯ ಫಲಿತಾಂಶವನ್ನು ಮೊದಲು ತೋರಿಸಿದ. ಡೀನ್ ಮುಗುಳ್ನಕ್ಕರು. ಆಮೇಲೆ, "ಇದು ತಪ್ಪು" ಎಂದ. ಡೀನ್ ನಗು ಹಾಗೇ ನಿಂತಿತು, ಬಸ್ಸು ಕೆಟ್ಟು ನಿಂತ ಹಾಗೆ. ಅವನು ಒಪ್ಪಿಗೆ ಪತ್ರದ ಎರಡು ವಾಕ್ಯ ತೋರಿಸಿದ. ಬರೆದವರ ಹೆಸರು ಹೇಳಲಿಲ್ಲ, ಆದರೆ ನಮ್ಮ ತರಗತಿಯ ಉಳಿದ ಹತ್ತು ತಲೆಗಳೂ ನನ್ನ ಕಡೆ ತಿರುಗಿದವು. ತನ್ನ 'ಅಯ್ಯೋ' ಬಗ್ಗೆ ಹೇಳಿದ. ಇಪ್ಪತ್ತಮೂರನೇ ನಂಬರಿನ ರೋಗಿಯ ಮನೆಯಲ್ಲಿ ಸಿಕ್ಕ ಎಂಬತ್ತೈದು ಮಾತ್ರೆಗಳ ಬಗ್ಗೆ ಹೇಳಿದ.

ಪರೀಕ್ಷಕಿ ಕೇಳಿದರು: "ಹಾಗಾದ್ರೆ ನಿಮ್ಮ ಅಧ್ಯಯನ ತೋರಿಸಿದ್ದೇನು ಡಾಕ್ಟರ್?"

ಗಾಬರಿ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಧ್ವನಿ:

"ನಾನು ಹೇಳ್ಲಾ?"

"ಅಮ್ಮಾ, ನೀವ್ಯಾರು?"

"ನಾನು ಇಪ್ಪತ್ತಮೂರು."

ರೋಗಿಯ ಗುರುತು ಯಾರಿಗೂ ಗೊತ್ತಾಗಬಾರದು ಎಂಬುದು ಅಧ್ಯಯನದ ಮೊದಲ ನಿಯಮ. ನೀತಿ ಸಮಿತಿಯ ಕಾರ್ಯದರ್ಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಟೈಲರಮ್ಮನಿಗೆ ಅದರ ಪರಿವೆಯಿಲ್ಲ. ಮಗಳು ತೋಳು ಹಿಡಿದು ಎಳೆಯುತ್ತಿದ್ದರೂ ನಿಂತೇ ಇದ್ದರು.

"ಇವನು ಪ್ರತಿ ವಾರ ಮಾತ್ರೆ ಕೇಳ್ತಿದ್ದ. ಕಾಲು ಕೇಳಿದ್ರೆ ಕಾಲು ಹೇಳ್ತಿದ್ದೆ. ತಪ್ಪು ಇವನೊಬ್ಬನದೇ ಅಲ್ಲ, ನಾನೂ ಬಾಯಿ ಬಿಡಲಿಲ್ಲ. ಆದ್ರೆ ಪಾಸು ಮಾಡಿ ತಾಯೀ. ಅಷ್ಟು ದೂರ ಹುಡುಕ್ಕೊಂಡು ಬಂದ."

ಸಭಾಂಗಣ ನಕ್ಕಿತು. ಪರೀಕ್ಷಕಿ ನಗಲಿಲ್ಲ. ಏನನ್ನೋ ಬರೆದುಕೊಂಡರು.

೯

ಈಗ ಮುಕ್ತಾಯ. ನನ್ನ ಬಳಿ ಮೂರು ಇವೆ.

ಮೊದಲನೆಯದು: ಗಾಬರಿಗೆ ಮೊದಲ ಬಹುಮಾನ, ಚಪ್ಪಾಳೆ, ಗೈಡ್ ಸರ್ ಕಣ್ಣಲ್ಲಿ ನೀರು. ಅಂಕಿ ಮೇಷ್ಟ್ರು ಇದನ್ನು ಓದಿ, "ಇದರ ಪಿ-ವ್ಯಾಲ್ಯೂ ಎಷ್ಟು?" ಎಂದು ಕೇಳಿ ವಾಪಸ್ ಕೊಟ್ಟರು.

ಎರಡನೆಯದು: ಥೀಸಿಸ್ ತಿರಸ್ಕಾರ, ಗಾಬರಿ ಮೆಟ್ಟಿಲಿಳಿದು ಹೋಗುತ್ತಾನೆ, ಬೀದಿಯ ಗದ್ದಲದಲ್ಲಿ ಕರಗುತ್ತಾನೆ. ಗಾಬರಿಯೇ, "ನಾನ್ಯಾಕೆ ಕರಗಲಿ ಮೇಡಂ? ನಾಳೆ ಬೆಳಿಗ್ಗೆ ವಾರ್ಡ್ ರೌಂಡ್ಸ್ ಇದೆ" ಎಂದ.

ಮೂರನೆಯದು ನಡೆದದ್ದು. ಬಹುಮಾನ ಬರಲಿಲ್ಲ. ಅದು ಸ್ಟೆತಸ್ಕೋಪಿಗೆ ಅಂಟುವ ಕ್ರಿಮಿಗಳನ್ನು ಎಣಿಸಿದ ಹುಡುಗಿಗೆ ಹೋಯಿತು. (ಮಕ್ಕಳ ವಾರ್ಡಿನವಳು. ಗಾಬರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನು ಏನೂ ಹೇಳುತ್ತಿಲ್ಲ.) ಥೀಸಿಸ್ ಮೂರು ಪುಟ ತಿದ್ದುಪಡಿಗಳೊಂದಿಗೆ ಅಂಗೀಕಾರವಾಯಿತು. ಪರೀಕ್ಷಕಿ ಕೊನೆಯಲ್ಲಿ ಬರೆದಿದ್ದರು: "ನಾನು ಈ ವರ್ಷ ಓದಿದ ಹನ್ನೆರಡು ಥೀಸಿಸ್‌ಗಳಲ್ಲಿ ನಂಬಬಹುದಾದದ್ದು ಇದೊಂದು." ಡೀನ್ ಅದನ್ನು ಓದಿ ಕೋಣೆಯನ್ನು ಅರ್ಧ ನಮಗೆ ಬಿಟ್ಟರು. ಉ‌ಳಿದರ್ಧಕ್ಕೆ ವೀಲ್‌ಚೇರುಗಳು ಬಂದವು. ಈಗ ಎಂಟು ಡಾಕ್ಟರುಗಳು ಕುರ್ಚಿಯಲ್ಲೂ ಮೂವರು ವೀಲ್‌ಚೇರಿನಲ್ಲೂ ಕೂತು ಪಾಠ ಕೇಳುತ್ತಾರೆ. ಗೈಡ್ ಸರ್ ಪೋಸ್ಟರ್ ಇನ್ನೂ ಗೋಡೆಯ ಮೇಲೇ ಇದೆ. ತೆಗೆಸುತ್ತೇನೆ ಎಂದಿದ್ದಾರೆ. ಒಪ್ಪಿಗೆ ಪತ್ರವನ್ನು ನಾನು ಏಳನೇ ಬಾರಿ ತಿದ್ದುತ್ತಿದ್ದೇನೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಟೈಲರಮ್ಮನ ಬಿಪಿ ನೂರ ಮೂವತ್ತಕ್ಕೆ ಇಳಿಯಿತು ಎಂಬ ಒಂದು ಸಾಲು ಸಾಕಿತ್ತು. ಇಳಿದಿದ್ದೂ ಹೌದು, ಮೊದಲ ತಿಂಗಳು. ಮುಂದಿನ ತಿಂಗಳು ನೂರ ನಲವತ್ತಾರು. ಕಳೆದ ವಾರ ನೂರ ಐವತ್ತೆಂಟು. ಮಾತ್ರೆ ತಗೊಳ್ತಿದೀನಿ ಎಂದು ಅವರು ಆಣೆ ಮಾಡುತ್ತಾರೆ. ಗಾಬರಿ, "ನಾನು ನಂಬ್ತೀನಿ, ಡೋಸ್ ಸಾಲದೇ ಇರಬಹುದು" ಎನ್ನುತ್ತಾನೆ. ಅಂಕಿ ಮೇಷ್ಟ್ರು, "ಒಬ್ಬರಿಂದ ಏನೂ ಹೇಳೋಕಾಗಲ್ಲ" ಎನ್ನುತ್ತಾರೆ. ಮಗಳು ಎರಡೂ ಕೈ ಮೇಲೆತ್ತುತ್ತಾಳೆ.

ನಿನ್ನೆ ನಾನೇ ಹೋದೆ. ಅವರು ಕಿಟಕಿಯ ಬಳಿ ಕೂತು ಒಂದು ಅಂಗಿಯ ಕಾಲರ್ ಬಿಚ್ಚುತ್ತಿದ್ದರು. ಪುಸ್ತಕ ತೆರೆದು ನೇರವಾಗಿ ಕೇಳಿದೆ: "ಅಮ್ಮಾ, ನಿಜ ಹೇಳಿ. ಹೊಸ ಮಾತ್ರೆ ತಗೊಳ್ತಿದೀರಾ, ಇಲ್ವಾ?"

ಟೈಲರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನನ್ನು. ಅವರ ಧ್ವನಿಯಲ್ಲಿ ಬರೀ ಅಕ್ಕರೆ ಇತ್ತು.

"ಕಥೆ ಬರೀತಿದೀಯಂತಲ್ಲಮ್ಮ" ಎಂದರು. "ನಿನಗೆ ಯಾವುದು ಹೊಂದತ್ತೆ ಹೇಳು, ಅದನ್ನೇ ಹೇಳ್ತೀನಿ."